ಬೆಸೆಯದ ಸರಳು

ಅಕ್ಕ ಎರಡೂ ಕೈಯಲ್ಲಿ ಬೇಲಿಯ ಸರಳನ್ನು ಹಿಡಿದು ಮೇಲಕ್ಕೆ ಎಳೆದಳು. ಅದು ಜಗ್ಗಲಿಲ್ಲ. ಪಕ್ಕದ್ದನ್ನು ಎಳೆದು ನೋಡಿದಳು, ಅದೂ ಅಷ್ಟೇ. ಬೆನ್ನ ಹಿಂದೆ, ಬಸ್ಸಿಗೆಂದೇ ಬಿಟ್ಟ ದಾರಿಯಲ್ಲಿ, ಪರೀಕ್ಷೆಗೆ ಓಡಿಸುತ್ತಿದ್ದ ಖಾಲಿ ಬಸ್ಸೊಂದು ನಿಂತು ಒಂದೇ ಸಮನೆ ಹಾರ್ನ್ ಬಾರಿಸುತ್ತಿತ್ತು. ಬೇಲಿಯ ಈಚೆ, ಹತ್ತು ಹೆಜ್ಜೆ ದೂರದ ಮನೆಯೊಳಗೆ, ಅವಳ ತಮ್ಮನ ಹೆಣ ಮಲಗಿತ್ತು.

"ಗಿಡ್ಡಾ, ಇದ್ಯಾಕೋ ಬರ್ತಾನೇ ಇಲ್ಲ! ಬಾರೋ ಇಲ್ಲಿ!"

ಮನೆ ಬಾಗಿಲಲ್ಲಿ ನಿಂತಿದ್ದ ಗಿಡ್ಡ ಚೌಕಟ್ಟು ಹಿಡಿದುಕೊಂಡ. ಅದು ಬರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳ ತಮ್ಮನೇ ಅವನ ಮೇಸ್ತ್ರಿ, ಹನ್ನೆರಡು ವರ್ಷ ಆ ಮೇಸ್ತ್ರಿಯ ಕೈಕೆಳಗೆ ವೆಲ್ಡಿಂಗ್ ಮಾಡಿದವನು ಗಿಡ್ಡ. ನಲವತ್ತಾದರೂ ಊರಿಗೆಲ್ಲ ಗಿಡ್ಡನೇ.

ಪಕ್ಕದ ಮನೆಯ ಟೈಲರ್ ಸ್ಟೂಲು ತಂದು ಬೇಲಿಯ ಮೇಲಿಂದ ಆಚೆಗೆ ಇಳಿಸಿದ. ಅಕ್ಕ ಅದರ ಮೇಲೆ ಹತ್ತಿದಳು. ಅವಳನ್ನು ಮಗುವಿನಂತೆ ಎತ್ತಿ ಈಚೆಗೆ ಇಳಿಸಿದರು. ಮಂಡಿ ನೋವಿಗೆ ಅವಳು ಅಯ್ಯೋ ಎಂದದ್ದು ಎಲ್ಲರಿಗೂ ಕೇಳಿಸಿತು. ಇಳಿದವಳು ಮನೆಯ ಕಡೆ ತಿರುಗದೆ ಬೇಲಿಯ ಬುಡಕ್ಕೆ ಬಗ್ಗಿದಳು. ಬೂದುಬಣ್ಣದ ಸರಳಿನ ಬುಡದಲ್ಲಿ ಬೆಸುಗೆಯ ಗೆರೆ ಬೆತ್ತಲೆಯಾಗಿ ಹೊಳೆಯುತ್ತಿತ್ತು, ಯಾರೂ ಬಣ್ಣ ಬಳಿದಿರಲಿಲ್ಲ. ಅದರ ಮೇಲೆ ಹೆಬ್ಬೆರಳು ಆಡಿಸಿದಳು.

"ಬೆಸೆದುಬಿಟ್ಟಿದಾನೆ," ಎಂದಳು ಮೆಲ್ಲಗೆ. ಅಷ್ಟೇ. ಗಿಡ್ಡನ ತೋಳು ಹಿಡಿದು ಒಳಗೆ ನಡೆದಳು.

*

ಮೊದಲು ಇಲ್ಲಿ ಬೇಲಿ ಎಲ್ಲಿತ್ತು! ಅಕ್ಕನ ಮನೆ ರಸ್ತೆಯ ಆ ಬದಿ, ತಮ್ಮನದು ಈ ಬದಿ. ಅಕ್ಕನ ಮನೆ ಮುಂದೆಯೇ ಗುಂಡಿ, ದಾರ, ಜಿಪ್ಪು ಮಾರುವ ಪುಟ್ಟ ಅಂಗಡಿ. ಅಲ್ಲಿಂದ ಅವಳು ಕೂಗಿದರೆ ಇಲ್ಲಿಂದ ಅವನು ಓಗೊಡುತ್ತಿದ್ದ. ಆಮೇಲೆ ನಗರಕ್ಕೆ ವೇಗದ ಬಸ್ಸು ಬರುತ್ತದೆ ಎಂದರು. ನಡುರಸ್ತೆಯಲ್ಲಿ ಬಸ್ಸಿನ ದಾರಿ, ಅದರ ಎರಡೂ ಬದಿಗೆ ಎದೆಮಟ್ಟದ ಕಬ್ಬಿಣದ ಬೇಲಿ. ಒಂಬತ್ತು ಕಿಲೋಮೀಟರ್ ಬೇಲಿ ಬೆಸೆಯುವ ಕೆಲಸ ಮೇಸ್ತ್ರಿಗೆ ಸಿಕ್ಕಿದಾಗ ಓಣಿಗೆ ಓಣಿಯೇ ಅವನ ಬೆನ್ನು ತಟ್ಟಿತು.

ಬೇಲಿ ತನ್ನ ಮನೆ ಮುಂದಕ್ಕೆ ಬಂದ ದಿನ ಮೇಸ್ತ್ರಿ ಅರ್ಧ ಹೊತ್ತು ಸುಮ್ಮನೆ ಕೂತ. ರಸ್ತೆ ದಾಟುವ ಜಾಗ ಬಸ್ ನಿಲ್ದಾಣದ ಹತ್ತಿರ, ಒಂದು ಕಿಲೋಮೀಟರ್ ಆಚೆ. ಅಕ್ಕನ ಮಂಡಿಗೆ ಅದು ಪರದೇಶ. ಕೊನೆಗೆ ಎದ್ದು, ಈ ಬದಿಗೆ ಎರಡು, ಆ ಬದಿಗೆ ಎರಡು ಸರಳುಗಳನ್ನು ಬೆಸೆಯದೆ, ಎತ್ತಿದರೆ ಬರುವಂತೆ ಬರೀ ಕೂರಿಸಿದ.

"ನೋಡಿದ್ಯಾ?" ಎಂದು ಗಿಡ್ಡನನ್ನು ಕೇಳಿದ.

"ಏನು ಮೇಸ್ತ್ರಿ? ನಂಗೇನೂ ಕಾಣಿಸ್ಲಿಲ್ಲ."

"ಹಂಗೇ ಇರು."

ಜೀವಮಾನದಲ್ಲಿ ಅವನು ಕೆಲಸದಲ್ಲಿ ಮಾಡಿದ ಕಳ್ಳತನ ಅದೊಂದೇ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅಕ್ಕನ ಮನೆಗೆ ನುಸುಳಿ ಚಹಾ ಕುಡಿದು ಬರುತ್ತಿದ್ದ. ಆದರೆ ಅಕ್ಕನ ಗಿರಾಕಿಗಳೆಲ್ಲ ಈ ಬದಿಯವರು. ಒಂದು ಗುಂಡಿಗಾಗಿ ಕಿಲೋಮೀಟರ್ ನಡೆಯುವವರು ಯಾರು? ಹೋದ ತಿಂಗಳು ಅವಳು ಅಂಗಡಿಯ ಬಾಗಿಲು ಎಳೆದಳು.

*

ಒಳಗೆ, ಆಸ್ಪತ್ರೆಯಿಂದ ಆಗಷ್ಟೇ ತಂದ ಮೇಸ್ತ್ರಿಯನ್ನು ಅಲ್ಲಿಯ ಸ್ಟ್ರೆಚರ್ ಮೇಲೇ ಮಲಗಿಸಿದ್ದರು. ಗಲ್ಲದವರೆಗೆ ಬಿಳಿ ಬಟ್ಟೆ. ಅಕ್ಕ ತಲೆಯ ಹತ್ತಿರ ಕುಳಿತು, ಅವನ ಹಣೆ ಸವರಿದಳು. ಅಳಲಿಲ್ಲ.

"ನಾಲ್ಕು ದಿನ ಮುಖ ಊದಿಸ್ಕೊಂಡೇ ಇದ್ರು," ಎಂದಳು ಮೇಸ್ತ್ರಿಯ ಹೆಂಡತಿ, ಅತ್ತು ಅತ್ತು ಕಟ್ಟಿದ ದನಿಯಲ್ಲಿ. "ಗುರುವಾರ ಬೆಳಿಗ್ಗೆ ಎದ್ದವರೇ, ಅಕ್ಕನ್ನ ಮಾತಾಡಿಸ್ಕೊಂಡು ಬರ್ತೀನಿ, ಎಷ್ಟು ದಿನ ಹಿಂಗಿರೋದು, ಅಂದ್ರು. ಚಪ್ಪಲಿನೂ ಹಾಕ್ಕೊಳ್ಲಿಲ್ಲ. ಆಮೇಲೆ ಆ ಬಸ್ಸು ಬ್ರೇಕ್ ಹಾಕಿದ ಸದ್ದೇ ಕೇಳಿದ್ದು ಅತ್ತಿಗೆ."

"ಬೇಲಿ ಯಾಕೆ ಹತ್ತಿದ್ರೋ ಪುಣ್ಯಾತ್ಮ," ಎಂದ ಟೈಲರ್. "ಐವತ್ತೆಂಟು ವರ್ಷದ ಮನುಷ್ಯ ಹುಡುಗರ ಥರ ಹಾರೋದಾ?"

"ನಾನು ಹೇಳ್ತೀನಿ ಯಾಕೇಂತ," ಎಂದಳು ಅಕ್ಕ.

ಎಲ್ಲರೂ ಅವಳತ್ತ ನೋಡಿದರು.

"ಭಾನುವಾರ ಬಾಯಿಗೆ ಬಂದಂಗೆ ಬೈದೆ ನಾನು. ಅಕ್ಕನ ಅನ್ನಕ್ಕೆ ನಿನ್ನ ಕೈಯಾರೆ ಬೇಲಿ ಹಾಕ್ದೆಯಲ್ಲೋ ಅಂದೆ. ಇನ್ಮೇಲೆ ಆ ಕಳ್ಳಗಂಡೀಲಿ ನುಸುಳಿ ನನ್ನ ಮನೆಗೆ ಬರಬೇಡ ಅಂದೆ. ಸುಮ್ನೆ ಎದ್ದು ಹೋದ. ಬಂದವನು ಅದನ್ನ ಬೆಸೆದೇಬಿಟ್ಟಿದಾನೆ. ನನ್ನ ಮಾತು ಅಷ್ಟು ನಾಟಿದೆ ಅವನಿಗೆ." ಅವಳು ಹೆಣದ ಮುಖ ನೋಡಿದಳು. "ಆಮೇಲೆ ಮನಸ್ಸು ತಡೀಲಿಲ್ಲ. ತಾನೇ ಮುಚ್ಚಿದ್ದನ್ನ ತಾನೇ ಹತ್ತಿದ. ನಾನೇ ಕೊಂದೆ ಇವನನ್ನ."

ಈ ಮೂರು ದಿನ ಗಿಡ್ಡ ಹೆದರಿದ್ದು ಅಕ್ಕ ತನ್ನನ್ನು ಶಪಿಸುತ್ತಾಳೆ ಎಂದು. ಅವಳು ತನ್ನನ್ನೇ ಶಪಿಸಿಕೊಳ್ಳುತ್ತಾಳೆ ಎಂದು ಅವನ ಕನಸಿನಲ್ಲೂ ಹೊಳೆದಿರಲಿಲ್ಲ.

*

ಬುಧವಾರ ಸಂಜೆ ಸೂಪರ್‌ವೈಸರ್ ಗಿಡ್ಡನನ್ನು ಆ ಸರಳುಗಳ ಹತ್ತಿರ ಕರೆದುಕೊಂಡು ಹೋಗಿದ್ದ. ನಾಳೆ ಮೇಲಿನವರು ಬರ್ತಾರೆ, ಒಂದು ಸರಳು ಅಲ್ಲಾಡಿದರೂ ನಿನ್ನನ್ನೂ ನಿನ್ನ ಮೇಸ್ತ್ರಿಯನ್ನೂ ಮನೆಗೆ ಕಳಿಸ್ತೀನಿ ಎಂದ. ಮೇಸ್ತ್ರಿ ಆಗ ಆರು ಕಿಲೋಮೀಟರ್ ಆಚೆ ಇನ್ನೊಂದು ನಿಲ್ದಾಣದ ಕೆಲಸದಲ್ಲಿದ್ದ. ಗಿಡ್ಡ ಈ ಬದಿಯ ಎರಡನ್ನು ಬೆಸೆದ. ಆ ಬದಿಗೆ ಹೋಗುವಷ್ಟರಲ್ಲಿ ಜನರೇಟರಿನ ಡೀಸೆಲ್ ಮುಗಿಯಿತು. ಹೇಗೂ ಪರಿಶೀಲನೆ ಮುಗಿದ ಮೇಲೆ ಕೊಯ್ದು ಹಾಕಿದರಾಯಿತು ಎಂದುಕೊಂಡ.

ಕತ್ತಲಾದ ಮೇಲೆ ಮನೆಗೆ ಹೋಗುವಾಗ ಮೇಸ್ತ್ರಿಯ ಬಾಗಿಲ ಮುಂದೆಯೇ ಹಾದುಹೋದ. ಬಾಗಿಲು ತೆರೆದಿತ್ತು, ಮೇಸ್ತ್ರಿ ಮನೆಗೆ ಬಂದಿದ್ದ. ಕೂಗಿ ಒಂದು ಮಾತು ಹೇಳಬಹುದಿತ್ತು. ಬೈಸಿಕೊಳ್ಳುವುದು ಯಾರಿಗೆ ಬೇಕು, ಬೆಳಿಗ್ಗೆ ಹೇಳಿದರಾಯಿತು ಎಂದು ಹೆಜ್ಜೆ ಬಿರುಸು ಮಾಡಿದ. ಅವನ ತಪ್ಪು ಇಷ್ಟೇ, ಇಷ್ಟಕ್ಕೆ ಒಂದು ಜೀವ ಹೋಯಿತು.

*

"ಅಕ್ಕಾ," ಎಂದ ಗಿಡ್ಡ. "ಆ ಬೆಸುಗೆ ಮೇಸ್ತ್ರೀದಲ್ಲ. ನಂದು. ಬುಧವಾರ ಸಂಜೆ ನಾನೇ ಹಾಕಿದ್ದು. ಅವರಿಗೆ ಗೊತ್ತೇ ಇರಲಿಲ್ಲ."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಅವಳ ಮುಖ ಮೊದಲ ಬಾರಿಗೆ ಸಡಿಲಾಯಿತು, ಕಣ್ಣು ತುಂಬಿತು.

"ಒಳ್ಳೇ ಮನಸ್ಸು ಕಣೋ ನಿಂದು. ಆದ್ರೆ ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ."

"ಸುಳ್ಳಲ್ಲ ಅಕ್ಕಾ, ದೇವರಾಣೆ!"

"ನನ್ನ ಕಿಟಕಿ, ನನ್ನ ಗೇಟು, ನಾನು ಮಲಗೋ ಮಂಚ, ಎಲ್ಲಾ ಅವನು ಬೆಸೆದಿದ್ದು. ಗೆರೆ ಮುಗಿಯೋ ಕಡೆ ಎಡಕ್ಕೆ ಸಣ್ಣದಾಗಿ ತಿರುಗಿಸ್ತಾನೆ. ಅವನ ಕೈ ನಂಗೆ ಗೊತ್ತಿಲ್ವೇನೋ?"

ಆ ತಿರುವು ಗಿಡ್ಡನ ಕೈಗೂ ಬಂದಿತ್ತು. ಮೊದಲ ವರ್ಷವಿಡೀ ಮೇಸ್ತ್ರಿ ಅವನ ಮಣಿಕಟ್ಟು ಹಿಡಿದು ಗೆರೆ ಎಳೆಸಿದ್ದ. ಇಬ್ಬರ ಬೆಸುಗೆಯನ್ನು ಪಕ್ಕಪಕ್ಕ ಇಟ್ಟರೆ ಮೇಸ್ತ್ರಿಗೇ ಗುರುತು ಹತ್ತುತ್ತಿರಲಿಲ್ಲ. ಅದನ್ನು ಹೇಳಹೊರಟರೆ ನಾಲಿಗೆ ತೊದಲಿತು, ಕೇಳುವವರಿಗೆ ಅದೂ ಕಟ್ಟುಕತೆಯಂತೆಯೇ ಕೇಳಿಸಿತು. ಗೋಡೆಗೆ ಒರಗಿ ನಿಂತಿದ್ದ ಸೂಪರ್‌ವೈಸರನ ಕಡೆ ತಿರುಗಿದ.

"ಸಾರ್, ನೀವಾದ್ರೂ ಹೇಳಿ. ನೀವೇ ತಾನೇ ಬೆಸೆಯೋಕೆ ಹೇಳಿದ್ದು?"

ಸೂಪರ್‌ವೈಸರ್ ಬಾಗಿಲಾಚೆ ಒಮ್ಮೆ ನೋಡಿದ. ಪೊಲೀಸರ ವಿಚಾರಣೆ ಇನ್ನೂ ಮುಗಿದಿರಲಿಲ್ಲ.

"ನಾನ್ಯಾಕಪ್ಪಾ ಹೇಳ್ಲಿ? ನಂಗೆ ಅಲ್ಲಿ ಗಂಡಿ ಇದ್ದಿದ್ದೇ ಗೊತ್ತಿಲ್ಲ," ಎಂದು ಅಕ್ಕನಿಗೆ ಕೈಮುಗಿದ. "ನಿಮ್ಮ ತಮ್ಮ ತಪ್ಪು ತಿದ್ಕೊಂಡೇ ಹೋದ್ರು ತಾಯಿ. ಅವರಿಗೆ ಮನೆಯೋರಿಗಿಂತ ಕೆಲಸ ದೊಡ್ಡದು."

ಅಕ್ಕ ತಲೆಯಾಡಿಸಿದಳು, ಹೌದು ಎಂಬಂತೆ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತ್ತು. ಗಿಡ್ಡ ಮತ್ತೆ ಬಾಯಿ ತೆರೆದ. ಟೈಲರ್ ಅವನ ಬೆನ್ನು ಸವರಿ, "ಸಾಕು ಬಿಡೋ, ಅವರಿಗೂ ಅರ್ಥ ಆಗಿದೆ," ಎಂದ.

ಶವದ ವ್ಯಾನು ಬಂದು ಓಣಿಯ ತುದಿಯಲ್ಲಿ ನಿಂತಿತು. ನೆರೆದ ಜನರ ನಡುವೆ ಒಳಗೆ ಬರಲು ಜಾಗವಿರಲಿಲ್ಲ. ಅಲ್ಲಿಯವರೆಗೆ ಹೊತ್ತೇ ಒಯ್ಯಬೇಕು. ತಲೆಯ ಕಡೆ ಹೆಗಲು ಕೊಡಲು ಮೇಸ್ತ್ರಿಯ ಭಾವಮೈದುನ ಮುಂದೆ ಬಂದ.

"ನೀನು ಕಾಲ ಕಡೆ ಹೋಗಪ್ಪಾ," ಎಂದಳು ಅಕ್ಕ. "ತಲೆ ಕಡೆ ಗಿಡ್ಡ ಹಿಡೀಲಿ. ತಮ್ಮನ ತಪ್ಪನ್ನ ತನ್ನ ತಲೆ ಮೇಲೆ ಹೊತ್ಕೊಳ್ಳೋಕೆ ಬಂದ ಹುಡುಗ. ಇವನಿಗಿಂತ ಹತ್ತಿರದೋರು ಯಾರಿದಾರೆ ಅವನಿಗೆ?"

ಗಿಡ್ಡ ಅಲ್ಲಾಡಲಿಲ್ಲ. ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಕ್ಕ ಗೋಡೆ ಹಿಡಿದು ಎದ್ದು ಬಂದಳು. ತನ್ನ ಅಂಗೈಯಿಂದ ಅವನ ಎರಡೂ ಕೆನ್ನೆ ಒರೆಸಿದಳು. ಅವನ ಅಂಗಿಯ ಮುದುರಿದ ಕಾಲರು ಬಿಡಿಸಿ, ಸ್ಟ್ರೆಚರಿನ ಕಬ್ಬಿಣ ಒತ್ತದಿರಲೆಂದು ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ಅವನ ಹೆಗಲ ಮೇಲೆ ಇಟ್ಟಳು.