ಸೋಮವಾರ ಚೀರದ ವ್ಯಾನು

“ಹಾಕ್ರಿ ಅಕ್ಕಾರ, ಹಾಕ್ರಿ, ಇನ್ನೊಂದೀಟು!”

ಮಿಸ್ತ್ರಿ ಗೌಸಮೊದ್ದೀನ ಕೂಗಿದ ಕೂಡಲೇ ಉಮಾಶ್ರೀ ಬಾಟಲಿಯನ್ನು ಒತ್ತಿದಳು. ಮುಚ್ಚಳಕ್ಕೆ ಕೊರೆದಿದ್ದ ತೂತಿನಿಂದ ನೀರು ಎಳೆಯಾಗಿ ಚಿಮ್ಮಿ, ತಿರುಗುತ್ತಿದ್ದ ಬೆಲ್ಟಿನ ಒಳಮೈಗೆ ಬಿತ್ತು. ಚೀರಾಟ ಥಟ್ಟನೆ ನಿಂತಿತು. ಅಷ್ಟು ಹೊತ್ತೂ ಕೇಳಿಸದೆ ಇದ್ದ ಸದ್ದುಗಳೆಲ್ಲ ಒಂದೊಂದಾಗಿ ಗ್ಯಾರೇಜಿನೊಳಗೆ ಬಂದವು: ರಸ್ತೆಯ ಬಸ್ಸು, ಎದುರಿನ ಗಾಡಿಯವನ ಬಾಣಲೆಯಲ್ಲಿ ಮಿರ್ಚಿ ಬೇಯುವ ಸುಂಯ್‌ಗುಟ್ಟುವಿಕೆ, ಅವಳದೇ ಉಸಿರು. ನೀರು ಆರುತ್ತಿದ್ದ ಹಾಗೆ ಮತ್ತೆ ಶುರುವಾಯಿತು. ಮೊದಲು ಸಣ್ಣಗೆ, ಹಕ್ಕಿಮರಿಯ ಹಾಗೆ. ಆಮೇಲೆ ತಗಡು ಹರಿದ ಹಾಗೆ.

“ಬಂದ್ ಮಾಡೋ ತಮ್ಮಾ! ನನ್ನ ಕಿವಿ ಹರದು ಹ್ವಾದೂ,” ಎಂದಳು ಅತ್ತೆ ಸಂಗವ್ವ. ಅವಳು ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸೆರಗನ್ನು ಎರಡೂ ಕಿವಿಗೆ ಒತ್ತಿಕೊಂಡು ಕೂತಿದ್ದಳು.

ಗೌಸಮೊದ್ದೀನ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. “ನೋಡ್ರಿ ಅವ್ವಾರ, ನೀರ ಹಾಕಿದಾಗ ಸದ್ದ ಏರಿದ್ರ ಬೆಲ್ಟ್ ಸಡ್ಲ ಅಂತ ಅರ್ಥ. ನಿಂತು, ಮತ್ತ ಬಂದ್ರ ಯಾವದೋ ಪುಲ್ಲಿ ಓರೆ ತಿರಗಾಕತ್ತೈತಿ.”

“ಹ್ವಾದ ಸಲ ಬೆಲ್ಟ್ ಅಂದಿದ್ದೆಲ್ಲೊ?”

“ಹ್ವಾದ ಸಲ ಬೆಲ್ಟ್ ಇತ್ತಲ್ರಿ ಮತ್ತ!” ಎಂದು ಅವನು ನಾಚಿಕೆಯಿಲ್ಲದೆ ನಕ್ಕ.

ಉಮಾಶ್ರೀಗೆ ನಗು ಬರಲಿಲ್ಲ. ಅವಳ ಪಾಲಿಗೆ ಇದು ಕೊನೆಯ ಸಲ.

ಕೆಲಗೇರಿಯಲ್ಲಿ ಸಂಗವ್ವನ ಮನೆಯ ಹಿತ್ತಲ ಶೆಡ್ಡಿನಲ್ಲಿ ಓಣಿಯ ಹೆಂಗಸರು ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಅವನ್ನು ಹುಬ್ಬಳ್ಳಿಯ ಖಾನಾವಳಿಗಳಿಗೂ ಹಾಸ್ಟೆಲ್ಲುಗಳಿಗೂ ಮುಟ್ಟಿಸುವುದು ಸಣ್ಣ ಸೊಸೆ ಉಮಾಶ್ರೀಯ ಕೆಲಸ. ಮುಂದಿನ ಸೀಟಿನ ಕೆಳಗೇ ಎಂಜಿನ್ ಇರುವ ಹಳೆಯ ಕಾಲದ ವ್ಯಾನು ಅದು. ಮೊದಲು ಭಾವ ಗುರುಬಸವ ಓಡಿಸುತ್ತಿದ್ದ. ಅವನು ಬೀಜ-ಗೊಬ್ಬರದ ಅಂಗಡಿ ಹಾಕಿದ ಮೇಲೆ ಯಾರು ಎಂಬ ಪ್ರಶ್ನೆ ಬಂತು. ಉಮಾಶ್ರೀಯ ಗಂಡ ಸೈಕಲ್ಲನ್ನು ಬಿಟ್ಟು ಬೇರೆ ಯಾವ ವಾಹನವನ್ನೂ ನಂಬದ ಮನುಷ್ಯ. ಕೊನೆಗೆ ಇವಳೇ ಕೆರೆಯ ದಂಡೆಯ ರಸ್ತೆಯಲ್ಲಿ ಬೆಳಗಿನ ಹೊತ್ತು ಕಲಿತಳು. ಸ್ಟೇರಿಂಗಿನ ಹಿಂದೆ ಕೂತಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಹಾಸ್ಟೆಲ್ಲಿನ ಹುಡುಗರು “ರೊಟ್ಟಿ ಅಕ್ಕಾರ ಬಂದ್ರು” ಎಂದು ಮೆಟ್ಟಿಲಿಳಿದು ಬರುತ್ತಾರೆ. ಈಚೆಗೆ ಅವಳು ಹಾರ್ನ್ ಒತ್ತುವ ಅಗತ್ಯವೂ ಇರಲಿಲ್ಲ. ವ್ಯಾನು ಓಣಿಯ ಮೂಲೆಯಿಂದಲೇ ಚೀರಿಕೊಂಡು ಬರುತ್ತಿತ್ತು.

ತೊಂದರೆ ಇದ್ದದ್ದು ಬೇರೆ ಕಡೆ. ಗುರುಬಸವ ಪ್ರತಿ ಸೋಮವಾರ ತಾಯಿಯನ್ನು ಅದೇ ವ್ಯಾನಿನಲ್ಲಿ ಮಠಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದ. ಆಗ ಅದು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮಧ್ಯಾಹ್ನ ಉಮಾಶ್ರೀ ರೊಟ್ಟಿ ಹೇರಿಕೊಂಡು ಹೊರಟರೆ ಉಣಕಲ್ಲು ದಾಟುವಷ್ಟರಲ್ಲಿ ಶುರು.

“ಗಾಡಿ ಕೈ ನೋಡತೈತಿ,” ಎಂದು ಗುರುಬಸವ ಊಟದ ಹೊತ್ತಿಗೆ ಎಲ್ಲರ ಎದುರೇ ಹೇಳಿದ್ದ. “ನನ್ನ ಕೈಯಾಗ ಒಂದ ದಿನಾರ ಚೀರೇತೇನು? ಕೂಸಿನಂಗ ಮಲಗಿರತೈತಿ. ಆಕಿ ಕ್ಲಚ್ಚಿನ ಮ್ಯಾಲೆ ಕಾಲ ಇಟ್ಟ ಹೊಡೀತಾಳ. ನಾಳೆ ಹೈವೇದಾಗ ಎಲ್ಲರೆ ನಿಂತ್ರ ಯಾರ ಹೊಣಿ? ಒಬ್ಬ ಡ್ರೈವರನ್ನ ಇಡೂಣು.”

ಉಮಾಶ್ರೀ ಆಗಲೂ ಮಾತಾಡಿರಲಿಲ್ಲ. ಭಾವನ ಎದುರು ಮಾತಾಡುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಮಾತಾಡಿದರೂ ಏನನ್ನುವುದು? ಅವನ ಕೈಯಲ್ಲಿ ಚೀರುವುದಿಲ್ಲ ಎಂಬುದು ಖರೇ ಇತ್ತು. ರಾತ್ರಿ ಮಲಗಿದಾಗ ತನ್ನ ಎಡಗಾಲನ್ನು ತಾನೇ ಅನುಮಾನಿಸುವಷ್ಟು ಅವಳು ಸೋತಿದ್ದಳು. ಸಂಗವ್ವನೇ ತೀರ್ಮಾನ ಹೇಳಿದ್ದಳು: ಮಿಸ್ತ್ರಿ ಇನ್ನೊಮ್ಮೆ ನೋಡಲಿ, ಗಾಡಿಯಲ್ಲಿ ಏನೂ ಇಲ್ಲವೆಂದರೆ ಡ್ರೈವರ್ ಬರಲಿ. ಅಷ್ಟೇ ಹೇಳಿ ಸುಮ್ಮನಾಗದೆ ಇವತ್ತು ತಾನೂ ಹೊರಟು ಬಂದಿದ್ದಳು. ಕೆಲಗೇರಿಯಿಂದ ಬೈರಿದೇವರಕೊಪ್ಪದವರೆಗೂ ರಸ್ತೆಯನ್ನೇ ನೋಡದೆ, ಸೊಸೆಯ ಪಾದಗಳನ್ನೇ ನೋಡುತ್ತ ಬಂದಿದ್ದಳು.

ಗೌಸಮೊದ್ದೀನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಡೈನಮೋದ ಮೈಗೆ ಹಚ್ಚಿ, ಹಿಡಿಯನ್ನು ಕಿವಿಗೆ ಆನಿಸಿ, ಎಂಜಿನ್ ಚಾಲು ಮಾಡಲು ಉಮಾಶ್ರೀಗೆ ಸನ್ನೆ ಮಾಡಿದ. ಡಾಕ್ಟರನ ಗತ್ತಿನಲ್ಲಿ ಕಣ್ಣು ಮುಚ್ಚಿ ಕೇಳಿದ.

“ಸಿಕ್ತು! ಡೈನಮೋದ ಬೇರಿಂಗು. ಗರಗರ ಅನ್ನಾಕತ್ತೈತಿ.”

ಉಮಾಶ್ರೀಯ ಎದೆ ಹಗುರವಾಯಿತು. ಅವನು ಎಂಜಿನ್ ಬಂದ್ ಮಾಡಿಸಿ, ಬೋಲ್ಟು ಸಡಿಲಿಸಿ ಬೆಲ್ಟನ್ನು ಕಳಚಿ, ಡೈನಮೋದ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿದ. ಅದು ಸದ್ದಿಲ್ಲದೆ ತಿರುಗಿತು. ಇನ್ನೊಮ್ಮೆ ತಿರುಗಿಸಿದ. ಮುಖ ಸಣ್ಣದಾಯಿತು.

“ಇದು ಹೂವಿನಂಗ ತಿರಗಾಕತ್ತೈತಲ್ರಿ.”

“ಮತ್ತ?”

“ಮತ್ತ… ನೋಡೂಣ ತಡೀರಿ.” ಅವನು ಬೀಡಿ ಹಚ್ಚಿದ.

ಸಂಗವ್ವ ಕುರ್ಚಿಯಿಂದಲೇ ಹೇಳಿದಳು: “ಗುರುಬಸುಗ ಫೋನ್ ಹಚ್ಚಲ್ಯಾ ಉಮಾ?”

ಅದರ ಅರ್ಥ ಉಮಾಶ್ರೀಗೆ ಗೊತ್ತಿತ್ತು. ಅವಳು ಟಾರ್ಚ್ ಹಿಡಿದು ತಾನೇ ಬಗ್ಗಿದಳು. ಬೆಲ್ಟು ಇಲ್ಲದ ಎಂಜಿನ್ನಿನ ಮುಂಭಾಗ ಬರಿದಾಗಿ ಕಂಡಿತು. ಕೆಳಗೊಂದು ದೊಡ್ಡ ಪುಲ್ಲಿ, ಪಕ್ಕದಲ್ಲಿ ಡೈನಮೋದ್ದು. ಮೂರನೆಯದು ಮೇಲೆ, ಬೂದು ಬಣ್ಣದ ಹೊದಿಕೆಯೊಳಗೆ ಅರ್ಧ ಮುಚ್ಚಿಕೊಂಡಿತ್ತು. ಗೌಸಮೊದ್ದೀನನ ಕೈ ಇಷ್ಟು ಹೊತ್ತೂ ಅದರ ಸುತ್ತ ಹಾಯ್ದು ಹೋಗಿತ್ತು, ಒಮ್ಮೆಯೂ ಅದರ ಮೇಲೆ ನಿಂತಿರಲಿಲ್ಲ.

“ಕಾಕಾ, ಈ ಪುಲ್ಲಿ ಯಾಕ ನೋಡವಲ್ರಿ?”

“ಅದು ನೀರಿನ ಪಂಪಿಂದು.”

“ಯಾಕ ನೋಡವಲ್ರಿ ಅಂತ ಕೇಳೀನಿ.”

ಅವನು ಬೀಡಿಯನ್ನು ಕೈ ಬದಲಾಯಿಸಿದ. “ಅದರ ಮ್ಯಾಲೆ ನಿಮ್ಮ ದೇವರದು ಐತಲ್ರಿ. ಎಣ್ಣಿ ಕೈ, ಬೀಡಿ ಕೈ. ನಾ ಹೆಂಗ ಒರಸ್ಲಿ? ಹ್ವಾದ ಸಲಾನೂ ಬೆಲ್ಟ್ ಏರಿಸಾಕ ಎಷ್ಟ ಬೇಕೋ ಅಷ್ಟ ಮುಟ್ಟೇನಿ. ಒರಸಿದ್ರ ನೀವು ಏನಂದ್ಕೊಳ್ತೀರೊ ಅಂತ.”

ಗುರುಬಸವನ ವಿಭೂತಿ. ಸೋಮವಾರ ಬೆಳಗ್ಗೆ ಮಿಂದು ಬಂದು ಅವನು ಸೀಟು ಎತ್ತಿ ಎಂಜಿನ್ನಿಗೆ ಮೂರು ಬೆರಳಿನ ಗೆರೆ ಎಳೆಯುತ್ತಿದ್ದ. ಮೇಲೊಂದು ಹಿಡಿ ಪುಡಿ ಧಾರಾಳವಾಗಿ ಉದುರಿಸಿ ಊದಿನಕಡ್ಡಿ ಬೆಳಗುತ್ತಿದ್ದ. ಆಮೇಲೆಯೇ ಮಠದ ದಾರಿ.

ಉಮಾಶ್ರೀ ಟಾರ್ಚನ್ನು ಇನ್ನೂ ಹತ್ತಿರ ತಂದಳು. ಹಿಟ್ಟಿನ ಜೊತೆಗೇ ದಿನ ಕಳೆಯುವವಳಿಗೆ ಒಣ ಪುಡಿಗೂ ಕಲಸಿದ ಪುಡಿಗೂ ವ್ಯತ್ಯಾಸ ಹೇಳಿಕೊಡಬೇಕಿಲ್ಲ. ಉಳಿದೆಲ್ಲ ಕಡೆ ವಿಭೂತಿ ಹಗುರ, ಊದಿದರೆ ಹಾರುವಂಥದ್ದು. ಪಂಪಿನ ಕೆಳಗೆ ಮಾತ್ರ ಅದು ಕಣಕದ ಹಾಗೆ ಮೆತ್ತಿಕೊಂಡಿತ್ತು.

“ಅತ್ತಿ, ಇಲ್ಲಿ ಹಸಿ ಐತಿ.”

“ಏನು?”

“ಈಬತ್ತಿ ಹಸಿ ಆಗೇತ್ರಿ. ಇದೊಂದ ಕಡೆ. ಒರಸ್ಲ್ಯಾ?”

ಸಂಗವ್ವ ಕುರ್ಚಿಯ ಕೈ ಹಿಡಿದು ಎದ್ದಳು. ವ್ಯಾನಿನ ಬಾಗಿಲಿಗೆ ಬಂದು ಬಗ್ಗಿ ನೋಡಿದಳು. ಗೌಸಮೊದ್ದೀನ ಎರಡು ಹೆಜ್ಜೆ ಹಿಂದೆ ಸರಿದು, ಈ ವಿಷಯ ತನ್ನದಲ್ಲ ಎಂಬಂತೆ ರಸ್ತೆಯ ಕಡೆ ಹೊಗೆ ಬಿಟ್ಟ.

“ಹಣಿಗೆ ಹಚ್ಕೊಂಡು ಒರಸು,” ಎಂದಳು ಸಂಗವ್ವ.

ಉಮಾಶ್ರೀ ಬೆರಳಿನಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡಳು. ಮಸಿ ಎಣ್ಣೆ ಸೇರಿ ಅದು ಬೂದಿಗಿಂತ ಕಪ್ಪೇ ಆಯಿತು. ಆಮೇಲೆ ಅರಿವೆಯಿಂದ ಒರಸಿದಳು. ಅಡಿಯಲ್ಲಿ ಲೋಹ ಹೊಳೆಯಿತು. ಪಂಪಿನ ಹೊಟ್ಟೆಯ ಸಣ್ಣ ತೂತಿನಲ್ಲಿ ಎಂಜಿನ್ ತಂಪಿಡುವ ನೀರಿನ ಒಂದು ಹಸಿರು ಹನಿ ಮೂಡಿ, ತೂಗಿ, ಬಿತ್ತು. ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಅದು ಟಕಟಕ ಎಂದು ಹಿಂದೆ ಮುಂದೆ ಆಡಿತು.

“ಕಾಕಾ!”

ಗೌಸಮೊದ್ದೀನ ಬೀಡಿ ಬಿಸಾಡಿ ಓಡಿ ಬಂದ. ಒಮ್ಮೆ ಮುಟ್ಟಿ ನೋಡಿದವನೇ ಹಣೆ ಬಡಿದುಕೊಂಡ. “ಅಯ್ಯ ಅಲ್ಲಾ! ಪಂಪಿನ ಬೇರಿಂಗ್ ಹೋಗೇತಿ. ಪುಲ್ಲಿ ಓಲಾಡಕೋಂತ ತಿರಗತೈತಿ, ಬೆಲ್ಟ್ ಓರೆ ಉಜ್ಜತೈತಿ, ಚೀರತೈತಿ. ಬೇರೆ ಕಡೆ ಎಲ್ಲಾ ಹುಡಿಕಿದ್ನೆಲ್ರಿ!”

“ಅತ್ತಿ, ನೀವ ಹಿಡದ ನೋಡ್ರಿ.”

ಸಂಗವ್ವ ಬಳೆಯನ್ನು ಮೇಲಕ್ಕೆ ಸರಿಸಿ ಕೈ ಹಾಕಿದಳು. “ನನ್ನ ದವಡಿ ಹಲ್ಲು ಕೀಳ್ಸೂ ಮುಂಚೆ ಹಿಂಗ ಆಡ್ತಿತ್ತು,” ಎಂದಳು. ಕೈ ಹೊರಗೆ ತೆಗೆಯದೆಯೇ ಮಿಸ್ತ್ರಿಯ ಕಡೆ ತಿರುಗಿದಳು. “ತಮ್ಮಾ, ಈಬತ್ತಿ ಬೆಲ್ಟಿಗೆ ಬಿದ್ರ ಏನಾಗತೈತಿ?”

“ಸುಮ್ಮನಾಗತೈತ್ರಿ, ಪೌಡರ್ ಹಾಕಿದಂಗ. ಹಾರಿ ಹೋಗೂತನಕ ಪಿಟಕ್ ಅನ್ನಂಗಿಲ್ಲ.”

“ಮಠಕ್ಕ ಹೋಗಿ ಬರೂತನಕ ನಿಲ್ಲತೈತೇನು?”

“ಅಷ್ಟ ನಿಲ್ಲತೈತ್ರಿ.”

ಸಂಗವ್ವ ಸೊಸೆಯನ್ನು ನೋಡಿದಳು. ಉಮಾಶ್ರೀ ನೆಲ ನೋಡಿದಳು. ನಗು ಬಂದು ಕೆನ್ನೆ ಒಳಗಿನಿಂದ ಕಚ್ಚಿಕೊಂಡಿದ್ದಳು. ಮುದುಕಿಗೂ ತಡೆಯಲಾಗಲಿಲ್ಲ. “ಕೂಸಿನಂಗ ಮಲಗಿರತೈತಿ ಅಂತ, ಕೂಸಿನಂಗ!” ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗುರುಬಸವನಿಗೆ ಯಾರೂ ಫೋನ್ ಮಾಡಿರಲಿಲ್ಲ. ಅವನಾಗಿಯೇ ಮೋಟಾರ್‌ಸೈಕಲ್ಲಿನಲ್ಲಿ ಬಂದ. ಇಳಿಯುವ ಮೊದಲೇ ಹೇಳತೊಡಗಿದ: “ಅವ್ವಾ, ನವಲೂರಾಗ ಒಬ್ಬಂವ ಸಿಕ್ಕಾನ. ಲಾರಿ ಹೊಡದ ಕೈ. ನಾಳೆ ಬಾ ಅಂದೇನಿ.”

“ಮೊದಲ ಇದನ್ನ ಹಿಡಿ,” ಎಂದಳು ಸಂಗವ್ವ.

ಅವನು ಪುಲ್ಲಿ ಹಿಡಿದ, ಅಲ್ಲಾಡಿಸಿದ. ತಾಯಿ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಗುರುಬಸವನ ಕಿವಿ ಕೆಂಪಾದವು. ಒರಸಿದ ಅರಿವೆಯನ್ನು ಎತ್ತಿ ನೋಡಿ, ಮಡಚಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡ.

“ಹಂಗಾರ ನಾ ಇಷ್ಟ ದಿನ ಹಚ್ಚಿದ್ದು ತಪ್ಪಾತೇನು?” ಎಂದು ಯಾರನ್ನೂ ನೋಡದೆ ಕೇಳಿದ.

ಉತ್ತರ ಕೊಟ್ಟವನು ಗೌಸಮೊದ್ದೀನ. “ತಪ್ಪ ಯಾಕ ಆಗತೈತ್ರಿ? ಆ ನೀರು ಹನಿಹನಿ ಸೋರೂದು. ಎಂಜಿನ್ ಕಾವಿಗೆ ಆರಿ ಹೋಗತಿತ್ತು, ಕಾಣತಿರಲಿಲ್ಲ. ನಿಮ್ಮ ಈಬತ್ತಿ ಹಿಡಕೊಂಡಿದ್ದಕ್ಕ ಕಂಡತ್ರಿ. ಪಂಪ್ ಜಾಮ್ ಆಗಿ ಹೈವೇದಾಗ ಬೆಲ್ಟ್ ಹರದಿದ್ರ ಎಂಜಿನ್ನ ಸುಟ್ಟ ಹೋಗತಿತ್ತು. ನೋಡಿದ್ದು ಅಕ್ಕಾರು, ತೋರಿಸಿದ್ದು ನಿಮ್ಮ ದೇವರು. ನಂದ ನಡಕ ಏನೂ ಇಲ್ಲ, ನಾ ಬೀಡಿ ಸೇದಿದೆ.”

ಗುರುಬಸವ ನಗಲಿಲ್ಲ. ಆದರೆ ಯಾರೂ ಹೇಳುವ ಮೊದಲೇ ಮೋಟಾರ್‌ಸೈಕಲ್ ತಿರುಗಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಹೊಸ ಪಂಪು ತಂದುಕೊಟ್ಟ. ಜೋಡಿಸುವಾಗ ಬೋಲ್ಟು ಬಿಗಿಯುವ ಪಾನಾ ಎತ್ತಿಕೊಟ್ಟ. ನೀರು ತುಂಬಿಸುವಾಗ ಕೊಡ ಹಿಡಿದ. ಉಮಾಶ್ರೀಯ ಜೊತೆ ಮಾತ್ರ ಮಾತಾಡಲಿಲ್ಲ.

ಬೆಲ್ಟು ಏರಿತು. ಗೌಸಮೊದ್ದೀನ ಹೆಬ್ಬೆರಳಿನಿಂದ ಒತ್ತಿ ಬಿಗಿ ನೋಡಿ, ಸೀಟು ಕೆಡವಿ, “ಕುಂದರ್ರಿ ಅಕ್ಕಾರ” ಎಂದ. ಉಮಾಶ್ರೀ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಕೆಮ್ಮಿ ಎದ್ದಿತು. ಎಲ್ಲರೂ ಕಾದರು. ಅವಳು ಎಕ್ಸಲರೇಟರ್ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಹಿಂದೆ ಬುಟ್ಟಿಯಲ್ಲಿದ್ದ ಒಣಗಿದ ಕಟಿ ರೊಟ್ಟಿಗಳು ಒಂದಕ್ಕೊಂದು ತಾಗಿ ಚರಚರ ಎನ್ನುವುದು ಮೊದಲ ಸಲ ಕೇಳಿಸಿತು.

“ಹಾಸ್ಟೆಲ್ಲಿನ ಹುಡುಗೂರಿಗೆ ಇನ್ನ ನೀ ಬಂದಿದ್ದ ಗೊತ್ತಾಗಂಗಿಲ್ಲ,” ಎನ್ನುತ್ತ ಸಂಗವ್ವ ಆ ಕಡೆಯ ಬಾಗಿಲಿನಿಂದ ಹತ್ತಿ ಕೂತಳು.

ಗುರುಬಸವ ಉಮಾಶ್ರೀಯ ಕಿಟಕಿಗೆ ಬಂದ. ಕಿಟಕಿಯ ಚೌಕಟ್ಟಿನ ಮೇಲೆ ಕೈ ಇಟ್ಟ, ತೆಗೆದ.

“ಉಮಾ, ನಿನ್ನ ಕೈದಾಗ ತಪ್ಪ ಇರಲಿಲ್ಲ. ಅದನ್ನ ಮನ್ಯಾಗೂ ಎಲ್ಲಾರ ಮುಂದ ಹೇಳ್ತೇನಿ. ಆದ್ರ ಆ ನವಲೂರಾಂವಗ ಬಾ ಅಂದೇನಿ. ಛಲೋ ಮನಷ್ಯಾ. ಬಿಸಲಾಗ ಈ ಟ್ರಾಫಿಕ್ಕಿನಾಗ ನೀ ಯಾಕ ತ್ರಾಸ ತಗೋತಿ? ಅಂವ ಹೊಡೀಲಿ, ನೀ ಬಾಜೂಕ ಆರಾಮ ಕುಂದ್ರು. ರೊಟ್ಟಿ ಇಳಿಸೂದು ಏರಿಸೂದೂ ಅಂವನ ಮಾಡ್ತಾನ.”

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಏನನ್ನಾದರೂ ಕೊಡಬೇಕೆಂದು ನಿಂತವನ ಹಾಗೆ ನಿಂತಿದ್ದ. ಹೀಗೆ ಕೇಳಿದರೆ ಹೂಂ ಎನ್ನುವುದು ಎಷ್ಟು ಸುಲಭ ಎಂದು ಉಮಾಶ್ರೀಗೆ ಅನ್ನಿಸಿತು. ಅವಳು ಅತ್ತೆಯ ಕಡೆ ತಿರುಗಿದಳು. ಸಂಗವ್ವ ಬೆರಳಿನ ಸಂದಿಯ ಎಣ್ಣೆಮಸಿಯನ್ನು ಒಂದು ಕಾಗದದ ಚೂರಿನಿಂದ ತಿಕ್ಕುವುದರಲ್ಲಿ ಮುಳುಗಿದ್ದಳು. ಈ ಮಾತು ಎಲ್ಲೋ ಪಕ್ಕದ ಮನೆಯಲ್ಲಿ ನಡೆದಿದೆ ಎಂಬಂತೆ.

“ಏನಂತಿ? ಬರ್ಲಿ ಅನ್ನಲ್ಯಾ?” ಗುರುಬಸವ ಮತ್ತೆ ಕೇಳಿದ.

“ಒಲ್ಲೆರಿ ಭಾವಾರ,” ಎಂದಳು ಉಮಾಶ್ರೀ.