ಕುರಿಯೇ, ಎಲ್ಲಿ ಸೋತಿ?

ಐವತ್ನಾಲ್ಕನೇ ಇಸವಿ. ಬಿಳಿಜೋಳದ ರಾಶಿ ಮುಗಿದು, ಬಿಸಿಲು ಆಗಷ್ಟೇ ಏರತೊಡಗಿದ ದಿನಗಳು. ಗುರುವಾರ ಸಂಜೆ ಐದರ ಹೊತ್ತು. ಗಿರಣಿಯ ಭೋಂಗಾ ಕೂಗಿ ನಿಂತಿತ್ತು. ಸೋಲಾಪುರದ ಚರ್ಚಿನ ಹಿಂದಿನ ತಗಡಿನ ಕೋಣೆಯಲ್ಲಿ ಕಥೋಲಿಕ ವಿದ್ಯಾರ್ಥಿಗಳ ಮಂಡಳ ಹಾಡಲು ಕುಂತಿತ್ತು. ಒಂಬತ್ತು ಮಂದಿ, ಒಂದು ಹಾರ್ಮೋನಿಯಂ. ಅದರ ಎರಡು ಸ್ವರ ಸತ್ತು ವರ್ಷವಾಗಿತ್ತು. ಹಾಡು ಎತ್ತಿಕೊಡುವವನು ಬೀರಣ್ಣ, ಗೆಳೆಯರ ಬಾಯಲ್ಲಿ ಮಾಸ್ತರ.

ಅವತ್ತು ಹೊಸದಾಗಿ ಒಬ್ಬಾಕೆ ಬಂದಿದ್ದಳು. ಮುಕ್ತಾಬಾಯಿ, ದವಾಖಾನೆಯಲ್ಲಿ ನರ್ಸಿನ ವಿದ್ಯೆ ಕಲಿಯುವವಳು, ಪುಣೆಯ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಬಾಗಿಲ ಹತ್ತಿರ ಚಾಪೆಯ ಮೇಲೆ ಕುಂತಳು. ಬೀರಣ್ಣ ಕಣ್ಣು ಮುಚ್ಚಿ, ತೊಡೆ ತಟ್ಟಿ, ಮಿಸ್ಸಾ ಪೂಜೆಯ ಮೊದಲ ಹಾಡು ಎತ್ತಿದ:

"ಕುರಿಯೇ, ಎಲ್ಲಿ ಸೋತಿ..."

ಎಂಟು ಮಂದಿ ಹಿಮ್ಮೇಳ ಹಿಡಿದರು. ಮೂರು ಸಲ ಅದು. ಆಮೇಲೆ ಮೂರು ಸಲ "ಕ್ರಿಸ್ತೇ, ಎಲ್ಲಿ ಸೋತಿ". ಮತ್ತೆ ಮೂರು ಸಲ ಕುರಿ.

ಮುಕ್ತಾಬಾಯಿ ಸೆರಗು ಬಾಯಿಗೆ ಹಿಡಿದಳು. ತಡೆಯಲಾಗಲಿಲ್ಲ, ನಕ್ಕೇಬಿಟ್ಟಳು.

"ಅಯ್ಯ, ಚೂಕ ಆತ್ರಿ, ನಗಬಾರದಿತ್ತು. ಆದರ ಇದರಾಗ ಕುರಿ ಎಲ್ಲಿಂದ ಬಂತ್ರಿ? ಅದು ಕೀರಿಯೆ ಎಲೇಯಿಸೋನ್. ಗ್ರೀಕ ಮಾತು. ಪ್ರಭುವೇ ಕರುಣೆ ತೋರು ಅಂತ."

ಹಾರ್ಮೋನಿಯಂ ಒತ್ತುತ್ತಿದ್ದ ನಾಮದೇವ ಕೈ ತೆಗೆದ. "ಹಂಗಾದ್ರ ಮೂರು ವರ್ಷ ನಾವು ಕುರಿ ಕಾಯ್ದೇವೇನೋ, ಮಾಸ್ತರ?"

ಎಲ್ಲರೂ ನಕ್ಕರು. ಬೀರಣ್ಣನೂ ನಕ್ಕ, ಆದರೆ ಕಿವಿ ಕೆಂಪಗಾಗಿದ್ದವು.

ಆ ತಪ್ಪು ಹುಟ್ಟಿದ್ದು ಹೀಗೆ. ಅವನಿಗಿಂತ ಮೊದಲು ಹಾಡು ಹೇಳಿಕೊಡುತ್ತಿದ್ದವನು ಗಿರಣಿಯ ಮುದುಕ ದುರ್ಗಪ್ಪ. ಬಾಯಲ್ಲಿ ಹಲ್ಲಿರಲಿಲ್ಲ. ಹಾಡಿನ ಕೊನೆ "ಸೋ" ಅಂತ ಗಾಳಿಯಲ್ಲಿ ತೇಲಿಹೋಗುತ್ತಿತ್ತು. ಉಳಿದದ್ದನ್ನು ಬೀರಣ್ಣನ ಕಿವಿಯೇ ತುಂಬಿಕೊಂಡಿತು. ಅವನ ಅಪ್ಪ ಖಂಡಪ್ಪ ಮಂದ್ರೂಪದ ಕಡೆ ಕುರಿ ಕಾಯ್ದವನು. ಮನೆತನ ಕ್ರಿಸ್ತನ ಕಡೆ ಬಂದಮೇಲೂ ಕುರಿ ಬಿಡಲಿಲ್ಲ, ಕುರಿಗಾರರ ದೇವರು ಬೀರೋಬನ ಹೆಸರೂ ಬಿಡಲಿಲ್ಲ. ಮಗನಿಗೆ ಇಟ್ಟ ಲಾಜರ್ ಎಂಬ ಹೆಸರು ಚರ್ಚಿನ ಪುಸ್ತಕದಲ್ಲಷ್ಟೇ ಇತ್ತು. ಹೊತ್ತು ಮುಳುಗುವಾಗ ಹಿಂಡು ಮನೆಗೆ ಬಂದರೆ, ಕಟ್ಟಕಡೆಗೆ ಕುಂಟುತ್ತ ಬರುವ ಕುರಿಯ ಕಿವಿ ಸವರಿ ಖಂಡಪ್ಪ ಕೇಳುತ್ತಿದ್ದ, "ಎಲ್ಲಿ ಸೋತೆವ್ವಾ?" ಅಪ್ಪ ಸತ್ತು ಹತ್ತು ವರ್ಷವಾಗಿತ್ತು. ಮಾತು ಮಾತ್ರ ಹಾಡಿನೊಳಗೆ ಹೊಕ್ಕು ಕುಂತಿತ್ತು.

ಅವನಿಗೆ ಕುತ್ತಿಗೆಗೆ ಬಂದ ಸಂಗತಿ ಬೇರೆಯೇ ಇತ್ತು. ಈಸ್ಟರಿಗೆ ಎರಡು ವಾರ ಮೊದಲು, ಗರಿಗಳ ಭಾನುವಾರದ ಹಿಂದಿನ ಭಾನುವಾರ ಮಂಡಳ ಅಕ್ಕಲಕೋಟೆಗೆ ಹೋಗಿ ಹಾಡಬೇಕಿತ್ತು. ಅಲ್ಲಿ ಅವನ ತಾಯಿ ರೇವಮ್ಮ ತವರಿನ ಓಣಿಯಲ್ಲಿ ಇದ್ದಳು. ಮಗ ಹಾಡು ಎತ್ತಿಕೊಡುವುದನ್ನು ಆಕೆ ಒಮ್ಮೆಯೂ ಕಂಡಿರಲಿಲ್ಲ. "ನನ್ನ ಮಗ ಮುಂದ ನಿಂತು ಹಾಡತಾನ" ಎಂದು ಓಣಿಗೆಲ್ಲ ಸಾರಿದ್ದಳು.

ಎರಡು ವಾರ ಅವನು ನಾಲಿಗೆ ತಿದ್ದಿದ. ಬಾವಿಕಟ್ಟೆಯ ಮೇಲೆ, ಸೈಕಲ್ ಮೇಲೆ, ನವಿ ಪೇಠದ ಗದ್ದಲದಲ್ಲಿ. ಒಬ್ಬನೇ ಇದ್ದಾಗ ಕೀರಿಯೆ ಬರುತ್ತಿತ್ತು. ಕಣ್ಣು ಮುಚ್ಚಿ ದನಿ ಎತ್ತಿದರೆ ಕುರಿಯೇ ಮುಂದೆ ಬಂದು ನಿಲ್ಲುತ್ತಿತ್ತು. ಅವನ ಹಿಂದೆ ಎಂಟು ಮಂದಿಯೂ ಅತ್ತಲೇ ವಾಲುತ್ತಿದ್ದರು.

ಕೊನೆಗೆ ಫಾದರ್ ಬರ್ನಾಬರ ಹತ್ತಿರ ಹೋದ. ಬೆಳಗಾವಿ ಕಡೆಯ ಮುದುಕರು, ಕಿವಿ ಮಂದ ಎಂದು ಎಲ್ಲರ ನಂಬಿಕೆ. ತುಳಸಿಗಿಡಕ್ಕೆ ನೀರು ಹಾಕುತ್ತಿದ್ದರು.

"ಫಾದರ್, ಅಕ್ಕಲಕೋಟಿಗೆ ಮುಕ್ತಾಬಾಯಿನೇ ಮುಂದ ನಿಲ್ಲಲಿ. ನಾ ಹಿಂದ ನಿಲ್ಲತೀನಿ."

"ಕುರಿ ಬಿಟ್ಟು ಹೋಗಲಿಲ್ಲೇನೋ ಬೀರೂ?"

ಬೀರಣ್ಣ ಬಾಯಿ ತೆರೆದ. "ನಿಮಗ ಗೊತ್ತಿತ್ತೇನ್ರಿ?"

"ಮೊದಲನೇ ದಿನದಿಂದ ಗೊತ್ತು. ನನಗ ಬ್ಯಾಡಾದ ಮಾತಿಗಷ್ಟ ಕಿವಿ ಮಂದ."

"ಮತ್ತ ತಿದ್ದಲಿಲ್ಲ ಯಾಕ್ರಿ?"

ಫಾದರ್ ತಂಬಿಗೆ ಕೆಳಗಿಟ್ಟರು. "ತಿದ್ದಬೇಕಿತ್ತು. ನನ್ನ ಚೂಕ. ದಿನಾ ಇವತ್ತ ಹೇಳೋಣು, ನಾಳಿ ಹೇಳೋಣು ಅಂತಿದ್ದೆ. ನೀ ಕ್ರಿಸ್ತೇ ಎಲ್ಲಿ ಸೋತಿ ಅಂದ ಕೂಡಲೇ ಬಾಯಿ ಕಟ್ಟತಿತ್ತು." ತಂಬಿಗೆ ಮತ್ತೆ ಎತ್ತಿಕೊಂಡು, "ಆದರ ಪೂಜಿಯೊಳಗ ಪೂಜಿ ಮಾತೇ ಇರಬೇಕು. ಆಕಿನೇ ಎತ್ತಲಿ. ನೀ ಬರೋದು ಮಾತ್ರ ಬಿಡಬ್ಯಾಡ" ಎಂದರು.

ಶನಿವಾರ ಮಧ್ಯಾಹ್ನ ಫಾದರ್ ಜೊತೆ ರೈಲು ಹಿಡಿದು ಅಕ್ಕಲಕೋಟೆ ರೋಡ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಟಾಂಗಾದಲ್ಲಿ ಊರು ಸೇರಿದರು. ರೇವಮ್ಮ ಮಗನ ಮುಖ ಸವರಿ ಲಟಿಕೆ ಮುರಿದಳು. ತಾನು ಹಿಂದೆ ನಿಲ್ಲುವ ಮಾತು ಅವನು ಎತ್ತಲಿಲ್ಲ.

ಭಾನುವಾರ ಮುಂಜಾನೆ ಹಂಚಿನ ಕೋಣೆಯಲ್ಲಿ ಪೂಜೆ. ರೇವಮ್ಮ ಮುಂದಿನ ಸಾಲಿನಲ್ಲಿ ಕುಂತಿದ್ದಳು. ಮುಕ್ತಾಬಾಯಿ ಎದ್ದು ಕೀರಿಯೆ ಎತ್ತಿದಳು. ಚೆಂದ ಹಾಡಿದಳು, ಒಂದು ಅಕ್ಷರ ಜಾರಲಿಲ್ಲ. ಮಂಡಳವೂ ಜಾರಲಿಲ್ಲ. ಬೀರಣ್ಣ ಎಲ್ಲರ ಹಿಂದೆ ಗೋಡೆಗೆ ಒರಗಿ ತುಟಿ ಅಲ್ಲಾಡಿಸಿದ. ತಾಯಿ ಎರಡು ಸಲ ಹಿಂದೆ ತಿರುಗಿ ನೋಡಿದ್ದು ಕಂಡಿತು. ಅವನು ನೆಲ ನೋಡಿದ.

ಪೂಜೆ ಮುಗಿದಮೇಲೆ ಶಿಲುಬೆಯ ಹಾದಿ. ಓಣಿಯ ಬೇವಿನ ಗಿಡಗಳಿಗೆ, ಗೋಡೆಗಳಿಗೆ ಹದಿನಾಲ್ಕು ಕಟ್ಟಿಗೆಯ ಶಿಲುಬೆ ಕಟ್ಟಿದ್ದರು. ಒಂದೊಂದರ ಮುಂದೆ ನಿಂತು, ಯೇಸು ಸಾಯಲು ಹೋದ ಹಾದಿಯ ಒಂದೊಂದು ಸಂಗತಿ ಓದಿ, ಮೊಣಕಾಲೂರಿ ಮುಂದೆ ಹೋಗುವುದು. ಮುಕ್ತಾಬಾಯಿ ಪುಸ್ತಕ ಹಿಡಿದು ಮರಾಠಿ ಹಾಡು ಹೇಳುತ್ತಿದ್ದಳು. ಜನಕ್ಕೆ ಅದರ ಧಾಟಿ ಗೊತ್ತಿರಲಿಲ್ಲ, ಸುಮ್ಮನೆ ಬರುತ್ತಿದ್ದರು.

ಮೂರನೇ ಶಿಲುಬೆ ಬಂತು. ಫಾದರ್ ಓದಿದರು: ಯೇಸು ಮೊದಲನೇ ಸಲ ಹೊರೆಯ ಕೆಳಗೆ ಬಿದ್ದ. ಓದಿ ಪುಸ್ತಕ ಮುಚ್ಚಿದರು. ಹಿಂದೆ ತಿರುಗಿ, "ಬೀರೂ, ನಿನ್ನ ಸವಾಲು ಇಲ್ಲಿ ಕೇಳೋ" ಎಂದರು.

ಎಲ್ಲರೂ ಅವನತ್ತ ನೋಡಿದರು. ನಾಮದೇವ ಬೆನ್ನಿಗೆ ಕೈ ಹಚ್ಚಿ ನೂಕಿದ, "ಹೋಗೋ ಮಾಸ್ತರ, ಹಿಂಡು ನಿಂತೈತಿ." ಬೀರಣ್ಣ ಮುಂದೆ ಬಂದು ಕಣ್ಣು ಮುಚ್ಚಿದ.

"ಕ್ರಿಸ್ತೇ, ಎಲ್ಲಿ ಸೋತಿ?"

ಮಂಡಳ ಹಿಮ್ಮೇಳ ಹಿಡಿಯುವುದರೊಳಗೆ ಹೆಂಗಸರ ನಡುವಿನಿಂದ ಒಂದು ಒಡಕು ದನಿ ಎದ್ದಿತು. ರೇವಮ್ಮನದು. ಡೊಳ್ಳಿನ ಪದದಲ್ಲಿ ಸವಾಲು ಬಂದರೆ ಜವಾಬು ಕೊಡದೆ ಬಿಡುವ ಪದ್ಧತಿ ಆಕೆಗೆ ಗೊತ್ತಿರಲಿಲ್ಲ.

"ಇಲ್ಲೇ ಸೋತಾನವ್ವಾ, ಇಲ್ಲೇ ಸೋತಾನ..."

ಬೀರಣ್ಣ ಎರಡನೇ ಸಲ ಕೇಳಿದ. ಈ ಸಲ ಇಡೀ ಓಣಿಯ ಹೆಂಗಸರು ಜವಾಬು ಕೊಟ್ಟರು. ಮೂರನೇ ಸಲಕ್ಕೆ ಗಂಡಸರೂ. ಯೇಸು ಮತ್ತೆ ಬೀಳುವ ಏಳನೇ ಶಿಲುಬೆಗೂ ಒಂಬತ್ತನೇ ಶಿಲುಬೆಗೂ ಫಾದರ್ ಹೇಳುವ ಕೆಲಸವೇ ಬೀಳಲಿಲ್ಲ. ಮುಕ್ತಾಬಾಯಿ ತನ್ನ ಪುಸ್ತಕದ ರಟ್ಟಿನ ಒಳಗೆ ಪೆನ್ಸಿಲಿನಿಂದ ಆ ಎರಡು ಸಾಲು ಬರೆದುಕೊಂಡಳು.

ಊಟಕ್ಕೆ ಕುಂತಾಗ ರೇವಮ್ಮ ಮಗನ ತಾಟಿಗೆ ರೊಟ್ಟಿ ಹಾಕುತ್ತ ಕೇಳಿದಳು, "ಮುಂಜಾನಿ ಗ್ವಾಡಿಗೆ ಯಾಕ ನಿಂತಿದ್ದೆಪಾ?"

"ಆ ಹಾಡು ನನಗ ಬರಾಬರ ಬರಂಗಿಲ್ಲವ್ವಾ."

"ಬರಲಿಕ್ಕಂದ್ರ ಬಿಡು. ಆ ಹುಡುಗಿ ಭಾಳ ಛಲೋ ಹಾಡತಾಳ. ಆದರ ನಿಮ್ಮಪ್ಪನ ಮಾತು ಎಲ್ಲಿಂದ ತಂದಿ?"

ಬೀರಣ್ಣ ರೊಟ್ಟಿ ಮುರಿದ.

ಅಲ್ಲಿಂದ ಮುಂದೆ ಮಂಡಳದಲ್ಲಿ ಪೂಜೆಯ ಹಾಡು ಮುಕ್ತಾಬಾಯಿಯದು, ಶಿಲುಬೆ ಹಾದಿಯ ಹಾಡು ಬೀರಣ್ಣನದು ಎಂದಾಯಿತು. ಕೀರಿಯೆ ಹಾಡುವಾಗ ಅವನೂ ಕಲಿತು ದನಿ ಕೂಡಿಸುತ್ತಿದ್ದ. ಒಂಬತ್ತರಲ್ಲಿ ಒಂದು ಸಲ ಕುರಿ ನುಸುಳಿದರೆ ಮುಕ್ತಾಬಾಯಿ ತಿರುಗಿ ನೋಡುತ್ತಿದ್ದಳು, ಅಷ್ಟೇ.

ಈಸ್ಟರ್ ಆಯಿತು. ಫಾದರ್ ಬರ್ನಾಬರಿಗೆ ವಯಸ್ಸಾಯಿತೆಂದು ಬೆಳಗಾವಿಗೆ ಕರೆ ಬಂತು. ಸ್ಟೇಷನ್ನಿಗೆ ಇಡೀ ಮಂಡಳ ಹೋಯಿತು. ಡಬ್ಬಿಯ ಮೆಟ್ಟಿಲು ಹತ್ತುವಾಗ ಮುದುಕರ ಕಾಲು ಬರಲಿಲ್ಲ, ಕಂಬಿ ಹಿಡಿದು ನಿಂತರು. ಬೀರಣ್ಣ ರಟ್ಟೆಗೆ ಕೈ ಕೊಟ್ಟ. ಬಾಯಿಗೆ ಬಂದದ್ದು ಬಂದೇಬಿಟ್ಟಿತು, "ಎಲ್ಲಿ ಸೋತ್ರಿ, ಫಾದರ್?"

ಫಾದರ್ ಉಸಿರು ಎಳೆದುಕೊಂಡು ಹಲಗೆಯ ಮೇಲಿನ ಊರ ಹೆಸರು ತೋರಿಸಿದರು. "ಅಲ್ಲಿ ಬರದಾರ ನೋಡು. ಸೋಲಾಪುರದಾಗ."

ಅವರ ರೈಲು ಹೊರಟದ್ದು ಈಸ್ಟರಿನ ಮಾರನೇ ವಾರ, ಮಂಗಳವಾರ.