ತೂತಿದ್ದರೂ ಗಟ್ಟಿ

"ಥೂ, ಕಾಲಲ್ಲ ಅದು, ಕೊಳಚೆ ಮೋರಿ! ಆಚೆ ಕೂತು ತಿನ್ನು ಹೋಗು!"

ಹೆಂಚಿನ ಕಾರ್ಖಾನೆಯಲ್ಲಿ ಊಟದ ಹೊತ್ತು. ಹಾಗಂದವನು ಹೊರಗಿನವನಲ್ಲ, ಹೆಂಚು ಸುಡುವ ಗೂಡುಗಾರನ ಹೆಂಡತಿಯ ಅಣ್ಣ, ಅಲ್ಲಿನ ಮೇಸ್ತ್ರಿ. ಎಲ್ಲರೂ ಕಿಸಕ್ಕೆಂದರು. ಗೂಡುಗಾರ ಡಬ್ಬಿ ಮುಚ್ಚಿದ. ಹೆಂಚಿನ ರಾಶಿ ಕುಸಿದು ಮುರಿದಿದ್ದ ಕಾಲು ಅದು. ಒಳಗೆ ಸರಳು ಹಾಕಿ ಮೂಳೆ ಕೂಡಿಸಿದ್ದರು. ಸೋಂಕು ಹತ್ತಿ ಕೀವು ಸೋರುತ್ತಿತ್ತು. ಅವನೋ ಬಟ್ಟೆ ಸುತ್ತಿ, ಪ್ಯಾಂಟು ಇಳಿಬಿಟ್ಟು, "ವಾಸಿಯಾಯ್ತು" ಅಂತ ಊರಿಗೆಲ್ಲ ಸಾರಿಕೊಂಡಿದ್ದ. ನಾತ ಮಾತ್ರ ಮುಚ್ಚಿಡಲಾಗಲಿಲ್ಲ.

ಸಂಜೆ ಹೆಂಡತಿ ಕಾಲಿಗೆ ಸುತ್ತಿದ ಬಟ್ಟೆ ಬಿಚ್ಚಿಸಿ ನೋಡಿದಳು. ಬೈಯಲಿಲ್ಲ, ಅಷ್ಟು ಹೆದರಿದ್ದಳು. ಬೆಳಗಾಗುತ್ತಲೇ ಮೂಳೆ ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ಹೀಗೇ ಬಿಟ್ರೆ ಕಾಲೇ ತೆಗೀಬೇಕಾಗತ್ತೆ," ಎಂದರು ಡಾಕ್ಟರಮ್ಮ. "ಸರಳು, ಕೊಳೆತ ಮೂಳೆ ಎರಡೂ ತೆಗೆದು ಆ ಜಾಗಕ್ಕೆ ಇಂಥದ್ದು ತುಂಬೋಣ." ಅವನ ಅಂಗೈಗೆ ಬಿಳಿ ತುಂಡೊಂದನ್ನು ಹಾಕಿದರು. "ಸೆರಾಮಿಕ್. ನಿಮ್ಮ ಹೆಂಚಿನ ಜಾತಿನೇ. ಆದ್ರೆ ಮಣ್ಣಲ್ಲ, ಮೂಳೆಯಲ್ಲಿರೋ ಸುಣ್ಣದಂಥದ್ದು."

ಗೂಡುಗಾರನ ಕೈ ಸುಮ್ಮನಿರುತ್ತದೆಯೇ? ಗೂಡಿನಿಂದ ಇಳಿದ ಹೆಂಚನ್ನೆಲ್ಲ ಬಡಿದು ಕಿವಿಗೊಡುವುದೇ ಅವನ ಕೆಲಸ. ಠಣ್ ಅಂದರೆ ಒಳ್ಳೆಯದು, ಡಬ್ ಅಂದರೆ ತಿಪ್ಪೆಗೆ. ತುಂಡನ್ನು ಮೇಜಿಗೆ ಬಡಿದ. ಡಬ್! ಬೆಳಕಿಗೆ ಹಿಡಿದ. ಮೈತುಂಬ ತೂತು.

"ಅಮ್ಮಾ, ಇದು ಬೆಂದೇ ಇಲ್ಲ! ನಾವು ಎಸೆಯೋ ಮಾಲು ನನ್ನ ಕಾಲಿಗೇ ಬೇಕಿತ್ತಾ?" ಎಂದು ಎದ್ದೇಬಿಟ್ಟ.

ಹೆಂಡತಿ ಅಂಗಿ ಹಿಡಿದೆಳೆದಳು. "ಕೂತ್ಕೊಳ್ರೀ! ನೀರು ಸೋರಬಾರದು ಅನ್ನೋಕೆ ನಿಮ್ಮ ಕಾಲೇನು ಮನೆ ಸೂರಾ?"

ಡಾಕ್ಟರಮ್ಮ ನಕ್ಕುಬಿಟ್ಟರು. "ಸರಿಯಾಗಿ ಹೇಳಿದ್ಯಮ್ಮ. ಹೆಂಚಿಗೆ ತೂತು ದೋಷ, ಇದಕ್ಕೆ ತೂತೇ ಜೀವ. ಅದರೊಳಗೆ ನಿಮ್ಮದೇ ಮೂಳೆ ಬೆಳೆಯತ್ತೆ. ಅಲ್ಲೀವರೆಗೆ ಹೊರಗಿಂದ ಕಂಬಿ ಕಟ್ಟಿರ್ತೀವಿ. ಇದರಲ್ಲಿರೋ ಔಷಧಿ ಮೆಲ್ಲಗೆ ಇಳಿದು ರೋಗಾಣು ಕೊಲ್ಲತ್ತೆ. ತೂತು ಹೆಚ್ಚಾದ್ರೆ ಪುಡಿಪುಡಿ, ಕಮ್ಮಿಯಾದ್ರೆ ಮೂಳೆ ಒಳಗೆ ಹೋಗಲ್ಲ. ಆ ಹದಕ್ಕಾಗಿ ಎಷ್ಟೋ ಜನ ಸುಟ್ಟು, ಒಡೆದು, ಮತ್ತೆ ಸುಟ್ಟು ನೋಡಿದ್ದಾರೆ. ಇನ್ನೂ ಗಟ್ಟಿ ಮಾಡೋಕೆ ಇವತ್ತಿಗೂ ಒದ್ದಾಡ್ತಿದ್ದಾರೆ."

ಸುಟ್ಟು, ಒಡೆದು, ಮತ್ತೆ ಸುಟ್ಟು. ಆ ಪಾಡು ಅವನಿಗೆ ಗೊತ್ತಿಲ್ಲದ್ದೇ? ಎಲ್ಲೋ ಗೂಡಿನ ಮುಂದೆ ಬೆವರು ಒರೆಸಿಕೊಳ್ಳುತ್ತಿರುವ ಮುಖಗಳು ಕಣ್ಣಿಗೆ ಕಟ್ಟಿದವು. ತುಂಡನ್ನು ಮೆಲ್ಲಗೆ ಮೇಜಿನ ಮೇಲಿಟ್ಟ.

"ಭಲೇ ಜನ! ಹಾಕಿ ಅಮ್ಮಾ."

ಆಪರೇಷನ್ ಆಯಿತು, ಕೀವು ನಿಂತಿತು. "ಒಣಗಿತಲ್ಲ, ಮಾತ್ರೆ ಸಾಕು" ಎಂದು ಅವನೆಂದರೆ ಹೆಂಡತಿ ಬಿಡಬೇಕಲ್ಲ! ಕೊನೆಯ ಮಾತ್ರೆಯವರೆಗೂ ನುಂಗಿಸಿದಳು. ತಿಂಗಳುಗಳು ಉರುಳಿದವು, ಎಕ್ಸ್‌ರೇಯಲ್ಲಿ ಹೊಸ ಮೂಳೆ ಕಂಡಿತು. ಕಂಬಿ ಬಿಚ್ಚಿದರು, ಊರುಗೋಲು ಮೂಲೆ ಸೇರಿತು.

ಅಣ್ಣಂದಿರೇ, ಅಕ್ಕಂದಿರೇ, ಸರಳು ಹಾಕಿದ ಜಾಗದಲ್ಲಿ ಊತ, ನೋವು, ಕೀವು ಕಂಡರೆ ಮುಚ್ಚಿಡಬೇಡಿ. ಸೊಪ್ಪು ಅರೆದು ಮೆತ್ತಬೇಡಿ. ಮೂಳೆ ಡಾಕ್ಟರ ಹತ್ತಿರ ಓಡಿ. ಈ ಸೆರಾಮಿಕ್ ಎಲ್ಲರಿಗೂ ಹೊಂದುವುದಿಲ್ಲ, ನಿಮಗೆ ಯಾವುದು ಸರಿ ಎಂದು ಬಾಯಿಬಿಟ್ಟು ಕೇಳಿ. ಕೀವಿಗೇ ಇಲ್ಲದ ನಾಚಿಕೆ ನಿಮಗೇಕೆ? ನಗುವವರು ನಗಲಿ, ಕಾಲು ಹೋದರೆ ಅವರು ತಂದುಕೊಡುತ್ತಾರೆಯೇ?

ಗೂಡುಗಾರ ಕೆಲಸಕ್ಕೆ ಮರಳಿದ ದಿನ ಮೇಸ್ತ್ರಿ ಎಲ್ಲರೆದುರು ಕೂಗಿದ: "ಬಂದ್ರು ನೋಡ್ರೋ ಪಿಂಗಾಣಿ ಭಾವ! ಮೆಲ್ಲಗೆ, ಒಡೆದೀತು!"

ಗೂಡುಗಾರ ಎರಡೂ ಕಾಲಿನ ಮೇಲೆ ಸಮನಾಗಿ ಭಾರ ಊರಿ, ಅವನ ಮುಂದೆಯೇ ಗೂಡಿನತ್ತ ನಡೆದುಹೋದ.